ಇನ್ನೆಂಟು ದಿನದ ಪಟ್ಟಿ

ಅಳ್ಳಾಡಬ್ಯಾಡ ಸ್ವರೂಪಾ! ದೇಶದ ಅಂಗಿ ಹಾಕ್ಕೊಂಡು ರಗ್ಬಿ ಆಡಾಕಿ, ಹೆಗಲಿನ ಪಟ್ಟಿ ಬಿಚ್ಚೋದಕ್ಕ ಇಷ್ಟು ಒದ್ದಾಡ್ತಿ? ನಗು, ನಗು. ಮುತ್ಯಾನ ಕೈ ಒರಟು ಅದ. ನಾರಾಯಣಖೇಡದ ಸುತ್ತ ಅರ್ಧ ಮಂದಿ ಎಲುಬು ಕೂಡಿಸಿದ ಕೈ ಇದು.

ಏನು? ಜಹೀರಾಬಾದಿಗೆ ಹೋಗಿ ಎಕ್ಸರೇ ತೆಗಸ್ತಿ? ಯಾಕ, ನನ್ನ ಬೆರಳಿಗೆ ಕಣ್ಣಿಲ್ಲೇನು? ಇನ್ನೆಂಟು ದಿನ ಅಂದೀನಿ. ಅಲ್ಲಿತನಕ ಎಡಗೈ ಎತ್ತಬ್ಯಾಡ.

ಗೊತ್ತದ, ಗೊತ್ತದ. ನಾಳೆ ಕ್ಯಾಂಪು. ಹೋಗಲಿಲ್ಲಂದ್ರ ಟೀಮಿನಿಂದ ಹೆಸರು ತೆಗೀತಾರ. ತೆಗೀಲಿ! ಸಾಲ್ಯಾಗ ಛಂದ ಕಬಡ್ಡಿ ಆಡ್ತಿದ್ದಿ. ಯಾರೋ ಸರ್ ಹೈದರಾಬಾದಿಗೆ ಕರ್ಕೊಂಡು ಹೋಗಿ ಈ ಹುಚ್ಚು ಹಚ್ಚಿದ್ರು. ಎಂಥಾ ಆಟವ್ವಾ ಅದು... ಮುಂದಕ್ಕ ಓಡಬೇಕಂತ, ಚೆಂಡು ಹಿಂದಕ್ಕ ಒಗೀಬೇಕಂತ! ನಿಮ್ಮವ್ವ ಕಬ್ಬಿನ ಹೊರಿ ಹೊತ್ತು ಓಡಿದ್ರ ಒಬ್ಬರೂ ಚಪ್ಪಾಳಿ ಹೊಡೀಲಿಲ್ಲ. ನೀ ಒಂದು ಚೆಂಡು ಬಗಲಾಗ ಹಿಡಕೊಂಡು ಮೂರು ದೇಶ ತಿರುಗಿ ಬಂದಿ!

ಯಾಕ ನಗ್ತಿ? ಹಾಂ, ನೋಡೀನಿ. ಎಲ್ಲಾ ಮ್ಯಾಚು ನೋಡೀನಿ. ಅದಕ್ಕೇನೀಗ?

ಹೊಸಾ ಪಟ್ಟಿಗೆ ಹಚ್ಚಾಕ ಮೊಟ್ಟಿ ಕಲಸೀನಿ, ಈ ಬಟ್ಟಲ ಬಲಗೈಲೆ ಹಿಡಿ. ಚೆಲ್ಲಬ್ಯಾಡ. ಎಣ್ಣಿ... ಎಣ್ಣಿ ಎಲ್ಲದ? ಆ ಮ್ಯಾಲಿನ ಗೂಡಿನ್ಯಾಗ. ತಗೊಂಡು ಬಾ.

ಯಾಕ, ಅಲ್ಲೇ ನಿಂತಿ? ತಾ ಇತ್ತ.

ಸ್ವರೂಪಾ?

ಹೂಂ. ಎಡಗೈಲೆ ತೆಗೆದಿ. ತಲಿ ಮ್ಯಾಲೆ ಕೈ ಎತ್ತಿ. ನೋವಾಗಲಿಲ್ಲ... ಹೌದಿಲ್ಲೊ?

ಬಯ್ಯಿ. ನಗು. ಹಂಗ ನೋಡಬ್ಯಾಡ.

...ಎಲುಬು ಕೂಡ್ಯದ. ಹದಿನೈದು ದಿನ ಆತು ಕೂಡಿ. ಬೆರಳಿಗೆ ಗೊತ್ತಾಗಿತ್ತು. ಬಾಯಿಗೆ ಹೇಳಾಕ ಆಗಲಿಲ್ಲ. ಅವತ್ತಿನ ಮ್ಯಾಚಿನ್ಯಾಗ ಒಬ್ಬರ ಮ್ಯಾಲೊಬ್ಬರು ಬಿದ್ರಿ. ಎಲ್ಲರೂ ಎದ್ರು. ನೀ ಏಳಲಿಲ್ಲ. ನಾ ಇಲ್ಲಿ ಫೋನು ಹಿಡಕೊಂಡು ಏಳವ್ವಾ, ಏಳವ್ವಾ ಅಂತೀನಿ... ಐವತ್ತು ವರ್ಷ ಮುರಿದ ಎಲುಬು ಕೂಡಿಸೀನಿ. ಮುರಿಯೋದು ಕಣ್ಣಾರೆ ನೋಡಿದ್ದು ಅದೊಂದೇ.

ಯಾಕ, ಚೀಲದ ಕಡೆ ನೋಡ್ತಿ?

ಆತು. ಆತಂದೆ! ಚೀಲ ತಗೊ. ಮಧ್ಯಾಹ್ನದ ಬಸ್ಸು ಸಿಗ್ತದ. ಜಹೀರಾಬಾದಿನ್ಯಾಗ ಇಳಿದು ಎಕ್ಸರೇನೂ ತೆಗಸು. ಡಾಕ್ಟರ್ ಹೂಂ ಅಂದ ಮ್ಯಾಲೇ ಆಡಾಕ ಹೋಗು.

ತಡಿ. ಆ ಪಟ್ಟಿ ಯಾಕ ಒಯ್ತಿ? ಇತ್ತ ಒಗಿ. ತಿರುಗಬ್ಯಾಡ! ನಿಮ್ಮ ಆಟದಾಗ ಹ್ಯಾಂಗ ಒಗೀತೀರಿ, ಹಂಗ... ಹಿಂದಕ್ಕ.

ಒಗಿ. ಹಿಂದ ನಾ ಅದೀನಿ.