ಇಬ್ಬರು ಸೀತಾರಾಮಪ್ಪ

೧೯೭೯ರ ಒಂದು ಶನಿವಾರ ಸಂಜೆ, ಸಾಗರದ ಬಸ್ ನಿಲ್ದಾಣ. ನನ್ನ ಪಕ್ಕದಲ್ಲಿ ಇಬ್ಬರು ಗುಮಾಸ್ತರು ಕೂತಿದ್ದರು. ಇಬ್ಬರದೂ ಒಂದೇ ಕಚೇರಿ, ಹೆಸರೂ ಒಂದೇ, ಸೀತಾರಾಮಪ್ಪ ಎಂದು ಮಾತಿನಿಂದ ತಿಳಿಯಿತು. ಊರಿಗೆ ಹೊರಟಿದ್ದ ಕಿರಿಯವರನ್ನು ಬಸ್ಸು ಹತ್ತಿಸಲು ಹಿರಿಯರು ಬಂದಿದ್ದರು.

“ಸೋಮವಾರದಿಂದ ನನ್ನ ಟಪಾಲು ನಿಮ್ಮ ಮೇಜಿಗೆ ಬರಲ್ಲ ಸಾರ್,” ಎಂದರು ಕಿರಿಯವರು. “ಹೆಸರಿನ ಜೊತೆ ಊರೂ ಬರೀಬೇಕು ಅಂತ ಸಾಹೇಬ್ರಿಂದ ಆರ್ಡರ್ ಮಾಡಿಸ್ದೆ.”

“ಯಾಕೆ ಮಾಡಿಸಿದ್ರಿ ಮಾರಾಯ್ರೆ?”

“ದಿನಾ ಮಹಡಿ ಹತ್ತಿ ತಂದುಕೊಡ್ತಿದ್ರಲ್ಲ. ನಿಮಗೆ ಮಂಡಿನೋವು ಬೇರೆ.”

“ತಂದಾಗ ಕೂರಿಸಿ ಚಾ ತರಿಸ್ತಿದ್ರಿ. ಮನೆಯವಳು ತೀರಿಕೊಂಡ ಮೇಲೆ ನಾನು ನಾಲ್ಕು ಮಾತಾಡ್ತಿದ್ದದ್ದು ಅಲ್ಲೇ.”



“ಟಪಾಲಿಲ್ದಿದ್ರೂ ಬನ್ನಿ ಸಾರ್.”

“ಕೆಲಸದ ಹೊತ್ನಲ್ಲಿ ಬರಿಗೈಲಿ ಬಂದು ಏನಂತ ಕೂರ್ಲಿ?”

ತೀರ್ಥಹಳ್ಳಿ ಬಸ್ಸು ಬಂದು ನಿಂತಿತು. ಕಿರಿಯವರು ಏಳಲಿಲ್ಲ.

“ಬೆಳಿಗ್ಗೆ ಹೋದ್ರಾಯ್ತು. ಇವತ್ತು ನಿಮ್ಮ ರೂಮಲ್ಲೇ ಇರ್ತೀನಿ.”

“ಬೇಡ, ಹೊರಡಿ. ಮನೇಲಿ ಕಾಯ್ತಿರ್ತಾರೆ.” ಹಿರಿಯರೇ ಅವರ ಚೀಲ ಎತ್ತಿಕೊಂಡು ಹೋಗಿ ಬಸ್ಸಿನೊಳಗೆ ಇಟ್ಟರು.

ಬಸ್ಸು ಹೋಯಿತು. ಹಿರಿಯರು ರೂಮಿನ ಕಡೆ ಹೋಗಲಿಲ್ಲ. ವಾಪಸು ಬಂದು ಬೆಂಚಿನ ಮೇಲೆ ಕೂತು, ನನ್ನ ಕಡೆ ತಿರುಗಿದರು.

“ನಿಮ್ಮ ಬಸ್ಸು ಬರೋದು ಇನ್ನೂ ತಡವಾ?”