ಗಿರಣಿ ಮಹಡಿಯ ಹಾಳೆ ಹರಿದ ಬಗ್ಗೆ

ನನ್ನ ಹೆಸರು ಶಾಂತಲಾ ಕೋಂ ಸೋಮನಾಥ್, ವಯಸ್ಸು 46 ವರ್ಷ, ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್, ವಾಸ ಯಡಿಯೂರು ಕೆರೆಯ ಹಿಂದಿನ ಅಡ್ಡರಸ್ತೆ, ಬೆಂಗಳೂರು. ಈ ದಿನ ದಿನಾಂಕ 08-09-2025ರಂದು ಬೆಳಿಗ್ಗೆ 10-40ಕ್ಕೆ ಠಾಣೆಗೆ ಕರೆಸಿದ್ದರಿಂದ ಬಂದು ಈ ಮೂಲಕ ತಿಳಿಸುವುದೇನೆಂದರೆ, ದೇವದಾಸ್ ಎಂಬುವವರು ನನ್ನ ಮೇಲೆ ಕೊಟ್ಟಿರುವ ದೂರಿನಲ್ಲಿ ಮೂರು ಮಾತುಗಳಿವೆ. ನಾನು ಅವರ ಕಂಪನಿಗೆ ಸೇರಿದ ರಿಜಿಸ್ಟರ್ ಹರಿದೆ, ಅವರ ಟ್ಯಾಬ್ ಒಡೆದೆ, ಅವರನ್ನು ಬೈದೆ. ಮೊದಲನೆಯದು ಅರ್ಧ ನಿಜ, ಎರಡನೆಯದು ಸುಳ್ಳು, ಮೂರನೆಯದು ಪೂರ್ತಿ ನಿಜ.

ಕುಮಾರಸ್ವಾಮಿ ಲೇಔಟ್‌ನಲ್ಲಿ ಪಿಳ್ಳಪ್ಪನವರ ಹಿಟ್ಟಿನ ಗಿರಣಿ ಇರುತ್ತದೆ. ಅದರ ಮೇಲಿನ ಮಹಡಿಯಲ್ಲಿ 22 ಅಡಿ ಅಗಲ, 40 ಅಡಿ ಉದ್ದದ ಹಾಲ್ ಇದೆ. 2022ರ ಜನವರಿಯಿಂದ ಪ್ರತಿ ತಿಂಗಳ ಮೊದಲ ಶನಿವಾರ ಸಂಜೆ 4ರಿಂದ 7ರವರೆಗೆ ಅಲ್ಲಿ ಕೋಡ್ ಬರೆಯುವವರ ಮತ್ತು ಬರೆಯಲು ಕಲಿಯುವವರ ಕೂಟವನ್ನು ನಾನು ನಡೆಸುತ್ತಾ ಬಂದಿರುತ್ತೇನೆ. ಮಾತೆಲ್ಲ ಕನ್ನಡದಲ್ಲೇ. ಯಾವತ್ತೂ ನಾಲ್ಕು ಜನರ ಮುಂದೆ ನಿಂತು ಮಾತಾಡಿರದ ಒಬ್ಬರಿಗೆ ಪ್ರತಿ ಸಲ ಮೊದಲ ಇಪ್ಪತ್ತು ನಿಮಿಷ ಮೀಸಲು. ಆ ಮೂರು ಗಂಟೆ ಪಿಳ್ಳಪ್ಪನವರು ಗಿರಣಿ ನಿಲ್ಲಿಸುತ್ತಾರೆ. ರಾಗಿ ಬೀಸಿಸಲು ಬಂದವರು ಡಬ್ಬ ಇಟ್ಟು ಬೈದುಕೊಂಡು ಹೋಗುತ್ತಾರೆ. ಮಹಡಿಗೆ ಪಿಳ್ಳಪ್ಪನವರು ಬಾಡಿಗೆ ತೆಗೆದುಕೊಳ್ಳುವುದಿಲ್ಲ.

ಪಿಳ್ಳಪ್ಪನವರದು ಒಂದೇ ಷರತ್ತು. ಮೆಟ್ಟಿಲು ಹತ್ತುವವರು ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. "ಕೆಳಗಡೆ ಮೋಟ್ರು, ಕರೆಂಟು ಎಲ್ಲಾ ಐತೆ ಕಣಮ್ಮ. ಯಾರ್ ಹತ್ತಿದ್ರು, ಯಾರ್ ಇಳಿದ್ರು ನಂಗೆ ಲೆಕ್ಕ ಬೇಕು" ಎಂದು ಅವರು ಮೊದಲ ದಿನವೇ ಹೇಳಿದ್ದರು. ನನ್ನದೂ ಒಂದು ಷರತ್ತು. ಎಲ್ಲರೂ ಇಳಿದು ಗಿರಣಿಯ ಮುಂದೆ ಟೀ ಕುಡಿಯುವಾಗ, ಪಿಳ್ಳಪ್ಪನವರು ತಲೆ ಎಣಿಸಿದ ಮೇಲೆ, ಆ ದಿನದ ಹಾಳೆಯನ್ನು ಎಲ್ಲರ ಕಣ್ಣೆದುರು ಹರಿದು ನೀರಿನ ಬಕೆಟ್ಟಿಗೆ ಹಾಕುತ್ತೇನೆ. ನಲವತ್ನಾಲ್ಕು ಸಲ ಹಾಕಿರುತ್ತೇನೆ. ಕಾರಣ ಇಷ್ಟೇ. ರಜೆಯ ದಿನ ಕಲಿಯಲು ಹೋದವರನ್ನು ಆಫೀಸುಗಳು ಕಲಿಯುವವರು ಎಂದು ತಿಳಿಯುವುದಿಲ್ಲ, ಕೆಲಸ ಬಿಡಲು ಹೊರಟವರು ಎಂದು ತಿಳಿಯುತ್ತವೆ. ಹಾಳೆ ಉಳಿಯುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಜನ ಮೆಟ್ಟಿಲು ಹತ್ತುತ್ತಾರೆ.

ರಿಜಿಸ್ಟರು ಅಂಗಡಿಯಲ್ಲಿ ಸಿಗುವ ಅಚ್ಚಾದ ಪುಸ್ತಕ. ಅದರಲ್ಲಿ ಹೆಸರು, ಫೋನ್, ಸಂಸ್ಥೆ ಎಂದು ಮೂರು ಕಾಲಂ ಇವೆ. ಪಿಳ್ಳಪ್ಪನವರು ಹೆಸರು ಮಾತ್ರ ಕೇಳಿದ್ದು. ಆದರೆ ನಮ್ಮ ಜನಕ್ಕೆ ಒಂದು ರೋಗ ಇದೆ, ಫಾರಂನಲ್ಲಿ ಖಾಲಿ ಜಾಗ ಕಂಡರೆ ತುಂಬಲೇಬೇಕು. ಎಲ್ಲರೂ ತಮ್ಮ ಆಫೀಸಿನ ಹೆಸರು ಬರೆದರು. ಇಪ್ಪತ್ತೆರಡು ವರ್ಷದಿಂದ ನನ್ನ ಸಂಬಳದ ಕೆಲಸವೇ ಬೇರೆಯವರ ಫಾರಂನಲ್ಲಿ ಬೇಡದ ಕಾಲಂ ಹುಡುಕಿ ತೋರಿಸುವುದು. ಗಿರಣಿಯ ರಿಜಿಸ್ಟರಿನ ಮೂರನೇ ಕಾಲಮ್ಮಿನ ಮೇಲೆ ಒಂದು ಗೀಟು ಎಳೆಯಬೇಕೆಂದು ನನಗೆ ಹೊಳೆಯಲಿಲ್ಲ. ಈ ತಪ್ಪು ನನ್ನದು. ಇದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಮೆಟ್ಟಿಲ ಬುಡದ ಮೇಜಿನ ಹತ್ತಿರ ಕೂತು ರಿಜಿಸ್ಟರ್ ನೋಡಿಕೊಳ್ಳುತ್ತಿದ್ದವನು ಪ್ರಸನ್ನ, ವಯಸ್ಸು 29, ಜೆ.ಪಿ. ನಗರದ ವಾಸಿ. 2023ರ ಮಾರ್ಚ್‌ನಲ್ಲಿ ಮೊದಲ ಸಲ ಮಾತಾಡಲು ನಿಂತಾಗ ಇಪ್ಪತ್ತು ನಿಮಿಷದ ಮಾತನ್ನು ಆರು ನಿಮಿಷಕ್ಕೆ ಮುಗಿಸಿ ಕೂತಿದ್ದ. ಆಮೇಲೆ ಚೆನ್ನಾಗಿ ಕಲಿತ. ನನ್ನನ್ನು ಅಕ್ಕ ಎನ್ನುತ್ತಾನೆ. ಅವನನ್ನು ನಂಬಿ ಪುಸ್ತಕ ಒಪ್ಪಿಸಿದ್ದೆ.

ದಿನಾಂಕ 02-08-2025ರ ಕೂಟಕ್ಕೆ 58 ಜನ ಬಂದಿದ್ದರು. ಅವರಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ಆಕೆಯ ಹೆಸರು ಹೇಳಲು ನನಗೆ ಇಷ್ಟವಿಲ್ಲ. ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಎರಡು ಸಲ ಕೇಳಿರುತ್ತಾರೆ, ಎರಡು ಸಲವೂ ಇಲ್ಲ ಎಂದಿರುತ್ತೇನೆ. ಆಕೆ ಉತ್ತರ ಕರ್ನಾಟಕದ ಕಡೆಯವಳು, ಬಿ.ಟಿ.ಎಂ. ಲೇಔಟ್‌ನಲ್ಲಿ ಅಣ್ಣನ ಜೊತೆ ಬಾಡಿಗೆ ಮನೆಯಲ್ಲಿ ಇರುತ್ತಾಳೆ. ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದಳು. ಹದಿನಾಲ್ಕು ತಿಂಗಳಿಂದ ಕೂಟಕ್ಕೆ ಬಂದು, ಮನೆಯಲ್ಲಿ ಹಳೆಯ ಲ್ಯಾಪ್‌ಟಾಪಿನಲ್ಲಿ ಅಭ್ಯಾಸ ಮಾಡಿ, ದಿನಕ್ಕೆ ಐದು ಗಂಟೆ ಹಿಡಿಯುವ ತನ್ನ ಎಂಟ್ರಿ ಕೆಲಸವನ್ನು ನಲವತ್ತು ನಿಮಿಷಕ್ಕೆ ಇಳಿಸುವ ಪ್ರೋಗ್ರಾಂ ತಾನೇ ಬರೆದಿದ್ದಳು. ಸೆಪ್ಟೆಂಬರಿನ ಮೊದಲ ಇಪ್ಪತ್ತು ನಿಮಿಷ ಆಕೆಯದು ಎಂದು ಆವತ್ತೇ ಎಲ್ಲರ ಮುಂದೆ ಹೇಳಿದ್ದೆ.

ದಿನಾಂಕ 14-08-2025ರ ಗುರುವಾರ ಸಂಜೆ 4-30ಕ್ಕೆ ಆಫೀಸಿನವರು ಆಕೆಯನ್ನು ಒಳಗೆ ಕರೆದು, ಬೇರೆ ಕಡೆ ಕೆಲಸ ಹುಡುಕುತ್ತಿರುವುದು ಗೊತ್ತಾಗಿದೆ, ಇನ್ನು ಬರುವುದು ಬೇಡ ಎಂದು ಹೇಳಿರುತ್ತಾರೆ. ಆಕೆ ಎಲ್ಲೂ ಹುಡುಕಿರಲಿಲ್ಲ. ಈ ವಿಷಯವನ್ನು ಭಾನುವಾರ ನನಗೆ ಫೋನಿನಲ್ಲಿ ಹೇಳಿದಳು. ಅಣ್ಣನಿಗೆ ಹೇಳಿಲ್ಲ, ಹೇಳಿದರೆ ಊರಿಗೆ ಬಸ್ಸು ಹತ್ತಿಸುತ್ತಾನೆ ಎಂದಳು. ಅಂದಿನಿಂದ ದಿನಾ ಬೆಳಿಗ್ಗೆ 8-45ಕ್ಕೆ ಬುತ್ತಿ ಕಟ್ಟಿಕೊಂಡು ಮನೆ ಬಿಟ್ಟು, ಪಾರ್ಕಿನಲ್ಲಿ ಕೂತು, ಸಂಜೆ 6-30ಕ್ಕೆ ಮನೆ ಸೇರುತ್ತಿದ್ದಳು. ಆಫೀಸಿಗೆ ಹೇಗೆ ಗೊತ್ತಾಯಿತು ಎಂದು ನನ್ನನ್ನೇ ಕೇಳಿದಳು. ನಮ್ಮಿಂದಂತೂ ಅಲ್ಲ ಎಂದು ನಾನು ಎದೆ ತಟ್ಟಿ ಹೇಳಿರುತ್ತೇನೆ. ಆ ಮಾತು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಂತಾಗುತ್ತದೆ.

ದಿನಾಂಕ 06-09-2025ರ ಶನಿವಾರ ಮಧ್ಯಾಹ್ನ 3-20ಕ್ಕೆ ನಾನು ಗಿರಣಿಗೆ ಹೋದಾಗ ಮೆಟ್ಟಿಲಿಗೆ ಅಡ್ಡಲಾಗಿ 8 ಅಡಿಯ ಬ್ಯಾನರ್ ಕಟ್ಟಿತ್ತು. ಅದರಲ್ಲಿ ದೂರಿನಲ್ಲಿರುವ ಕಂಪನಿಯ ಹೆಸರಿತ್ತು. ಅದು ಆಫೀಸುಗಳಿಗೆ ಜನರನ್ನು ಒದಗಿಸುವ ಕಂಪನಿ. ಮೇಜಿನ ಮೇಲೆ ತಟ್ಟೆ ಇಡ್ಲಿಯ ಪೊಟ್ಟಣಗಳಿದ್ದವು. ಇದೆಲ್ಲ ಏನು ಎಂದು ಪ್ರಸನ್ನನನ್ನು ಕೇಳಿದೆ. "ಸ್ಪಾನ್ಸರ್ ಅಕ್ಕ. ಕಮ್ಯುನಿಟಿ ಬೆಳೀಬೇಕಲ್ವಾ, ಎಷ್ಟ್ ದಿನ ಅಂತ ಬರೀ ಟೀ ಕುಡಿಸ್ತೀರಾ" ಎಂದ. ನನಗೆ ಹಿಡಿಸಲಿಲ್ಲ, ಆದರೂ ಬಂದ ತಿಂಡಿಯನ್ನು ಏಕೆ ಬೀದಿಗೆ ಎಸೆಯಬೇಕೆಂದು ಸುಮ್ಮನಾದೆ.

ಸಂಜೆ 4-15ರ ಹೊತ್ತಿಗೆ 86 ಜನ ರಿಜಿಸ್ಟರಿನಲ್ಲಿ ಹೆಸರು ಬರೆದಿದ್ದರು, ಸಾಲು ಉದ್ದವಾದ್ದರಿಂದ ಕೂಟ ಇನ್ನೂ ಶುರುವಾಗಿರಲಿಲ್ಲ. ಆ ಹೆಣ್ಣುಮಗಳು ಇಸ್ತ್ರಿ ಮಾಡಿದ ನೀಲಿ ಚೂಡಿದಾರ್ ಹಾಕಿಕೊಂಡು ಬಂದು, ತಾನು ಬರೆದ ಟಿಪ್ಪಣಿಯನ್ನು ಮೆಟ್ಟಿಲ ಹತ್ತಿರ ನಿಂತು ಓದಿಕೊಳ್ಳುತ್ತಿದ್ದಳು. ಆಗ ಕಂಪನಿಯ ದೇವದಾಸ್ ಎಂಬುವವರು ಟ್ಯಾಬ್ ಹಿಡಿದು ಬಂದು ಪ್ರಸನ್ನನಿಗೆ, ಹೋದ ತಿಂಗಳ ಫೋಟೋದಲ್ಲಿ ಕೆಳಗಿನ ಹತ್ತು ಸಾಲು ಮಸುಕಾಗಿತ್ತು, ಈ ಸಲ ನಾನೇ ತೆಗೆದುಕೊಳ್ಳುತ್ತೇನೆ ಎಂದರು. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಆ ಹೆಣ್ಣುಮಗಳು ಎರಡು ಅಡಿ ದೂರದಲ್ಲಿದ್ದಳು.

ಯಾವ ಫೋಟೋ ಎಂದು ಕೇಳಿದೆ. ಪ್ರಸನ್ನ ತಲೆ ತಗ್ಗಿಸಿದ. ದೇವದಾಸ್ ಅವರೇ ಉತ್ತರ ಕೊಟ್ಟರು. ಹಾಳೆಯಲ್ಲಿದ್ದ ಹೆಸರುಗಳನ್ನು ತಮ್ಮ ಗಿರಾಕಿ ಆಫೀಸುಗಳಿಗೆ ಕಳಿಸಿ, ನಿಮ್ಮ ಇಂತಿಂಥವರು ಬಿಡುವ ಯೋಚನೆಯಲ್ಲಿದ್ದಾರೆ, ಆ ಜಾಗಕ್ಕೆ ನಾವು ಬೇರೆಯವರನ್ನು ಕೊಡುತ್ತೇವೆ ಎಂದು ತಿಳಿಸುವುದು ತಮ್ಮ ಕಂಪನಿಯ ಪದ್ಧತಿ ಎಂದರು. ನಗುತ್ತಲೇ ಹೇಳಿದರು. "ಇದೆಲ್ಲಾ ನಾರ್ಮಲ್ ಮೇಡಂ, ಎಲ್ಲಾ ಮೀಟಪ್‌ಗಳಲ್ಲೂ ಕೊಡ್ತಾರೆ" ಎಂದರು. ಪ್ರಸನ್ನ, "ಅಕ್ಕ, ನಮ್ಮವರಿಗೆ ಒಳ್ಳೆ ಕೆಲ್ಸ ಕೊಡಿಸ್ತಾರೆ ಅಂತ ಕೊಟ್ಟೆ. ಬರೀ ಹೆಸ್ರು, ನಂಬರ್ ತಾನೇ" ಎಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು. ಕಾವಲಿಗೆಂದು ನಾನೇ ಕೂರಿಸಿದ್ದೆ.

ಆ ಹೆಣ್ಣುಮಗಳು ನನ್ನ ಮುಖವನ್ನೊಮ್ಮೆ ನೋಡಿದಳು. ಟಿಪ್ಪಣಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದುಹೋದಳು. ಆಗ ಸಮಯ 4-22. ಆಮೇಲೆ ಹನ್ನೊಂದು ಸಲ ಫೋನ್ ಮಾಡಿರುತ್ತೇನೆ, ಎತ್ತಿರುವುದಿಲ್ಲ.

4-25ಕ್ಕೆ ನಾನು ಮಹಡಿಯ ಮೇಲಿದ್ದವರನ್ನೆಲ್ಲ ಕೆಳಗೆ ಕರೆದು ಆದದ್ದನ್ನು ಹೇಳಿ, ಆ ದಿನದ ಮೂರು ಹಾಳೆಗಳನ್ನು ಅವರ ಎದುರಿಗೇ ಹರಿದೆ. ರಿಜಿಸ್ಟರಿಗೆ ಹಣ ಕೊಟ್ಟವರು ಪಿಳ್ಳಪ್ಪನವರು, ಕಂಪನಿಯವರಲ್ಲ. ಅದಕ್ಕೇ ಮೊದಲನೇ ಮಾತು ಅರ್ಧ ನಿಜ ಎಂದದ್ದು. ದೇವದಾಸ್ ಅವರು ಹಾಳೆ ಕಿತ್ತುಕೊಳ್ಳಲು ಎರಡೂ ಕೈ ಚಾಚಿದಾಗ ಅವರ ಕಂಕುಳಲ್ಲಿದ್ದ ಟ್ಯಾಬ್ ಜಾರಿ ಮೆಟ್ಟಿಲ ಮೇಲೆ ಬಿದ್ದಿತು. ನನ್ನ ಕೈ ಅದಕ್ಕೆ ತಾಗಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುವಂತೆ ಈಗ ಟ್ಯಾಬ್ ಮುಂದೆ ಮಾಡಿರುತ್ತಾರೆ. ಇನ್ನು ಬೈದದ್ದು. "ಮಾನಗೆಟ್ಟವನೇ, ಜನರ ಅನ್ನ ಕಿತ್ತು ಇಡ್ಲಿ ಹಂಚೋಕ್ ಬಂದಿದ್ದೀಯಾ" ಎಂದಿರುತ್ತೇನೆ. ದೂರಿನಲ್ಲಿ ಬರೆದಿರುವುದಕ್ಕಿಂತ ಎರಡು ಪದ ಹೆಚ್ಚೇ ಇತ್ತು. ಅದಕ್ಕೆ ಪಶ್ಚಾತ್ತಾಪ ಇಲ್ಲ. ಪ್ರಸನ್ನನನ್ನು ಮಾತ್ರ ಬೈದಿಲ್ಲ.

ಹಾಳೆಯಿಂದ ಕೆಲಸ ಹೋಯಿತು ಎಂಬುದಕ್ಕೆ ಸಾಕ್ಷಿ ಯಾರು, ಆ ಹೆಣ್ಣುಮಗಳು ಯಾರು, ಹೆಸರಿಲ್ಲದಿದ್ದರೆ ನಾನು ಹೇಳುವುದು ಬರೀ ಕಥೆಯಾಗುತ್ತದೆ, ಕೇಸು ನನ್ನ ಮೇಲೆಯೇ ನಿಲ್ಲುತ್ತದೆ ಎಂದು ಹೆಡ್ ಕಾನ್‌ಸ್ಟೇಬಲ್ ಸಾಹೇಬರು ತಿಳಿಸಿರುತ್ತಾರೆ. ನಿಲ್ಲಲಿ. ಒಂದು ಹಾಳೆಯಿಂದ ಆಕೆಯ ಕೆಲಸ ಹೋಗಿದೆ. ಇನ್ನೊಂದು ಹಾಳೆಯಲ್ಲಿ ಹೆಸರು ಬರೆಸಿ ಆಕೆಯನ್ನು ಊರಿಗೆ ಕಳಿಸಲು ನಾನು ತಯಾರಿಲ್ಲ.

ಇಲ್ಲಿಯವರೆಗಿನ ಹೇಳಿಕೆಯನ್ನು ನನಗೆ ಓದಿ ಹೇಳುತ್ತಿರುವಾಗ, ಮಧ್ಯಾಹ್ನ 12-50ಕ್ಕೆ, ಆ ಹೆಣ್ಣುಮಗಳು ಬುತ್ತಿ ಚೀಲದ ಸಮೇತ ಠಾಣೆಯೊಳಗೆ ಬಂದಳು. ಗಿರಣಿಗೆ ಹೋಗಿ ಪಿಳ್ಳಪ್ಪನವರನ್ನು ಕೇಳಿ ಬಂದದ್ದಾಗಿ ಹೇಳಿದಳು. ನಾನು ಎದ್ದು ನಿಂತು, ನಿನ್ನನ್ನು ಇಲ್ಲಿಗೆ ಯಾರು ಕರೆದರು, ಮೊದಲು ಹೊರಗೆ ನಡೆ ಎಂದು ಗದರಿದೆ. ಆಕೆ ಹೋಗಲಿಲ್ಲ. ನಾನು ಏನು ಬರೆಸಿದ್ದೇನೆ ಎಂದು ಕೇಳಿ, ಸಾಹೇಬರು ಓದಿದ್ದನ್ನು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ಆಕೆ ನನಗೆ ಹೇಳಿದ್ದನ್ನು ಇದ್ದ ಹಾಗೆಯೇ ಬರೆಯಿರಿ ಎಂದು ನಾನೇ ಕೇಳಿಕೊಂಡಿರುತ್ತೇನೆ:

"ಅವ್ರು ನನ್ನ ಕೇಳಲಾರ್ದ ನನ್ನ ಹೆಸರು ಕೊಟ್ರು. ನೀವು ನನ್ನ ಕೇಳಲಾರ್ದ ಮುಚ್ಚಿಡಾಕತ್ತೀರಿ. ನನ್ನ ಯಾರೂ ಕೇಳಲೇ ಇಲ್ಲಲ್ರೀ ಮೇಡಂ."

ನಾನು ಮತ್ತೆ ಕುರ್ಚಿಯಲ್ಲಿ ಕೂತೆ.

ಅಣ್ಣನಿಗೆ ಗೊತ್ತಾದರೆ ಏನು ಮಾಡುತ್ತೀಯ ಎಂದು ಕೇಳಿದೆ. "ಮುಂಜಾನೆ ನಾನಽ ಹೇಳೇನ್ರಿ. ರೊಟ್ಟಿ ಬಿಟ್ಟು ಎದ್ದು ಹ್ವಾದ. ಸಂಜೀಕ ಏನಾಗತೈತೋ ನೋಡೂಣು" ಎಂದಳು. ಸಾಹೇಬರು ಆಕೆಗೆ ಕುರ್ಚಿ ಹಾಕಿಸಿ, ಸಾಕ್ಷಿ ಎಂದು ಬರೆದುಕೊಳ್ಳಲು ಹೆಸರು, ವಯಸ್ಸು ಕೇಳಿದರು. ಹೇಳಿದಳು. ಉದ್ಯೋಗ ಕೇಳಿದಾಗ ಬುತ್ತಿ ಚೀಲವನ್ನು ಮೇಜಿನ ಮೇಲಿಟ್ಟಳು. ಸಾಹೇಬರು, ಸದ್ಯ ಏನೂ ಇಲ್ಲ ಎಂದು ಬರೆಯಲೇ ಎಂದರು. ಬ್ಯಾಡ್ರಿ ಎಂದು, ಪೆನ್ನು ಇಸಿದುಕೊಂಡು, ಆ ಸಾಲನ್ನು ತಾನೇ ಬರೆದಳು.

ಮೇಲೆ ಬರೆದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಓದಿಸಿ ಕೇಳಿರುತ್ತೇನೆ, ಸತ್ಯವಾಗಿರುತ್ತದೆ. ಆಕೆಯ ಹೆಸರು ಹೇಳುವುದಿಲ್ಲ ಎಂದು ನಾನು ಬರೆಸಿದ ಸಾಲುಗಳನ್ನು ಹೊಡೆದುಹಾಕುವುದು ಬೇಡ, ಹಾಗೆಯೇ ಇರಲಿ.

ಸ್ಥಳ: ಬೆಂಗಳೂರು
ದಿನಾಂಕ: 08-09-2025, ಮಧ್ಯಾಹ್ನ 1-35
ಸಹಿ: ಶಾಂತಲಾ

ಸಾಕ್ಷಿ: ಹುಲಿಗೆವ್ವ, ತಂದೆ ದುಂಡಪ್ಪ, ವಯಸ್ಸು 26 ವರ್ಷ, ವಾಸ ಬಿ.ಟಿ.ಎಂ. ಲೇಔಟ್
ಉದ್ಯೋಗ: ಪ್ರೋಗ್ರಾಮರ್
ಸಹಿ: ಹುಲಿಗೆವ್ವ