ಒಣ ಬೆರಳಿನ ನ್ಯಾಯ

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಗ್ರಾಹಕ ಪತ್ರಿಕೆಯ ಸಂಪಾದಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ ದೊಡ್ಡಾಸ್ಪತ್ರೆಯ ಖರೀದಿ ಅಧಿಕಾರಿಗಳೇ, ಓದುಗ ಬಂಧುಗಳೇ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಫೋನ್ ನೋಡುತ್ತಿರುವ ಸಭಿಕರೇ,

ಒಂಬತ್ತು ವರ್ಷ ಅಗ್ಗದ ಫೋನುಗಳನ್ನು ಹೋಲಿಸಿ ಅಂಕ ಕೊಟ್ಟದ್ದಕ್ಕೆ ನನಗೆ ಈ ಸನ್ಮಾನ. ಫಲಕದ ಮೇಲೆ ‘ನಿಷ್ಪಕ್ಷಪಾತ ಪರೀಕ್ಷಕಿ’ ಎಂದು ಕೆತ್ತಿಸಿದ್ದಾರೆ. ಐದೇ ನಿಮಿಷ ಮಾತಾಡಿ ಎಂದರು ಸಂಪಾದಕರು. ಅವರ ಐದು ನಿಮಿಷವನ್ನು ನೀವು ಈಗಷ್ಟೇ ಮುಕ್ಕಾಲು ಗಂಟೆ ಕೇಳಿದ್ದೀರಿ. ಹಾಗಾಗಿ ನನಗೂ ಸ್ವಲ್ಪ ಸಲಿಗೆ ಇರಲಿ.

ನಮಗೆ ಬರುವ ಬೈಗುಳದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು: ‘ನೀವು ಕಂಪನಿಯವರ ಕೈಗೊಂಬೆಗಳು.’ ಸುಳ್ಳು! ಕಂಪನಿಯವರ ಒಂದು ಲೋಟ ಕಾಫಿಯನ್ನೂ ನಾನು ಮುಟ್ಟಿದವಳಲ್ಲ. ಫೋನುಗಳನ್ನು ಅಂಗಡಿಯಲ್ಲಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ತರುತ್ತೇವೆ. ಹೆಸರು ಕಾಣದಂತೆ ಬೆನ್ನಿಗೆ ಕಪ್ಪು ಟೇಪು ಅಂಟಿಸುತ್ತೇವೆ. ಒಂದೇ ಕೋಣೆ, ಒಂದೇ ಬೆಳಕು, ಒಂದೇ ಬೆರಳು. ಫೋನಿನ ಬೀಗ ತೆರೆಯುತ್ತದೆಯೇ ಎಂದು ಒತ್ತಿ ನೋಡುವುದು ನನ್ನ ಬೆರಳು. ಪ್ರತಿ ಫೋನ್ ಮುಟ್ಟುವ ಮೊದಲು ಕೈ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಎರಡು ನಿಮಿಷ ಆರಲು ಬಿಡಬೇಕು. ಆ ನಿಯಮ ಬರೆದವಳು ನಾನೇ, ಯಾವ ಫೋನಿಗೂ ಅನ್ಯಾಯವಾಗಬಾರದು ಎಂದು.

ಫೋನಿಗೆ ಅನ್ಯಾಯವಾಗಲಿಲ್ಲ ಸ್ವಾಮಿ. ಅಗ್ಗದ ಫೋನು ಕೊಳ್ಳುವವರಲ್ಲಿ ಎಷ್ಟು ಜನರ ಕೈ ಒಣಗಿರುತ್ತದೆ? ಪಾತ್ರೆ ತೊಳೆಯುವವರದೇ? ನೆಲ ಒರೆಸುವವರದೇ? ಒಂಬತ್ತು ವರ್ಷದಲ್ಲಿ ಈ ಪ್ರಶ್ನೆ ನನ್ನ ತಲೆಗೆ ಹೊಳೆಯಲಿಲ್ಲವಲ್ಲ, ಅದಕ್ಕೆ ಯಾವ ಫಲಕ ಕೊಡುತ್ತೀರಿ?

ನನ್ನ ಅಕ್ಕ ಈ ಅತಿಥಿಗಳ ಆಸ್ಪತ್ರೆಯಲ್ಲೇ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವಳು. ಹದಿನಾಲ್ಕು ವರ್ಷ ಬಿಸಿನೀರು, ಸೋಡಾ, ರಕ್ತದ ಕಲೆಯ ಹಾಸಿಗೆ ಬಟ್ಟೆ. ಬೆರಳ ತುದಿಗಳು ಸವೆದು ನುಣ್ಣಗಾಗಿವೆ. ಕಳೆದ ವರ್ಷ ಅಲ್ಲಿ ಹೊಸ ಪದ್ಧತಿ ಬಂತು: ಅವರವರ ಫೋನಿನಲ್ಲಿ ಹೆಬ್ಬೆರಳೊತ್ತಿ ಹಾಜರಿ ಹಾಕಬೇಕು. ಅಕ್ಕ ನಮ್ಮ ಪಟ್ಟಿ ನೋಡಿ ಮೊದಲ ಸ್ಥಾನದ ಫೋನ್ ಕೊಂಡಳು. ‘ನನ್ನ ತಂಗಿ ಪಾಸು ಮಾಡಿದ್ದು’ ಎಂದು ಜೊತೆಯವರಿಗೆಲ್ಲ ತೋರಿಸಿದಳಂತೆ.

ವಾರದೊಳಗೆ ನಮ್ಮ ಪರೀಕ್ಷಾ ಕೋಣೆಗೆ ಬಂದಳು. ‘ಇದು ನನ್ನ ಬೆರಳನ್ನ ಗುರುತೇ ಹಿಡಿಯಲ್ಲ ಕಣೇ’ ಅಂದಳು. ನಾನು ಅವಳ ಹೆಬ್ಬೆರಳನ್ನು ಆ ಬಿಳಿ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದೆ. ಮೂರನೇ ಸಲಕ್ಕೆ ತೆರೆಯಿತು. ‘ನೋಡು, ಫೋನ್ ಚೆನ್ನಾಗೇ ಇದೆ. ನಿನಗೇ ಒತ್ತೋಕೆ ಬರಲ್ಲ. ಕೈ ಒರೆಸ್ಕೊಂಡು ಮುಟ್ಟು’ ಅಂದೆ. ಹೌದೌದು, ಹಾಗೇ ಅಂದೆ. ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳಿಗೆ. ‘ಸರಿ ಬಿಡೆ, ತಪ್ಪು ನಂದೇ’ ಎಂದು ಹೋದಳು.

ಒಂದು ತಿಂಗಳಾದ ಮೇಲೆ ಮಧ್ಯಾಹ್ನದ ಹೊತ್ತು ಅವಳ ಮನೆಗೆ ಹೋದರೆ, ಕೆಲಸದಲ್ಲಿರಬೇಕಾದವಳು ಗೋಡೆ ನೋಡುತ್ತಾ ಕೂತಿದ್ದಾಳೆ. ಹನ್ನೊಂದು ದಿನ ಗೈರುಹಾಜರಿ ಎಂದು ತೆಗೆದುಹಾಕಿದ್ದರು. ಮೇಲ್ವಿಚಾರಕರ ಕಣ್ಣೆದುರೇ ಬಟ್ಟೆ ಒಗೆದಿದ್ದಾಳೆ, ಆದರೆ ಅವರು ‘ಫೋನ್ ಹೇಳಿದ್ದೇ ಹಾಜರಿ’ ಎಂದರಂತೆ. ‘ನನಗ್ಯಾಕೆ ಹೇಳಲಿಲ್ಲ?’ ಎಂದು ರೇಗಿದೆ. ‘ನೀನು ಪರೀಕ್ಷೆ ಮಾಡಿದ ಫೋನಲ್ವೇನೇ? ಕೆಟ್ಟದ್ದು ಅಂದ್ರೆ ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ’ ಅಂದಳು.

ಕ್ಷಮಿಸಿ. ನೀರು ಬೇಡ, ಇರಲಿ.

ಈ ವರ್ಷ ನಮ್ಮ ಮೊದಲ ಸ್ಥಾನದ ಫೋನನ್ನೇ ಆಸ್ಪತ್ರೆಯ ಮುನ್ನೂರು ಕೆಲಸಗಾರರಿಗೆ ಹಂಚುತ್ತಾರಂತೆ. ಅದಕ್ಕೇ ಅತಿಥಿಗಳು ಬಂದಿದ್ದಾರೆ, ಪಟ್ಟಿಯನ್ನು ಇದೇ ವೇದಿಕೆಯಲ್ಲಿ ಪಡೆಯಲು. ಹೋದ ವಾರ ನಾನು ಎರಡು ಫೋನ್ ಚೀಲಕ್ಕೆ ಹಾಕಿಕೊಂಡು ಅವರ ಒಗೆಯುವ ವಿಭಾಗದ ಬಾಗಿಲಲ್ಲಿ ನಿಂತೆ. ನಲವತ್ತು ಜನ ಒದ್ದೆ ಕೈಯಲ್ಲೇ ಒತ್ತಿದರು. ಮೊದಲ ಸ್ಥಾನದ್ದು ಹದಿನಾಲ್ಕು ಜನರಿಗೆ ತೆರೆಯಿತು. ಕ್ಯಾಮೆರಾದಲ್ಲಿ ಮುಖ ಮಸುಕು ಎಂದು ನಾನೇ ಕೊನೆಗೆ ತಳ್ಳಿದ್ದ ದಪ್ಪನೆಯ ಫೋನು ಮೂವತ್ತೆಂಟು ಜನರಿಗೆ ತೆರೆಯಿತು.

ಈ ಲೆಕ್ಕವನ್ನು ಸಂಪಾದಕರ ಮುಂದೆ ಇಟ್ಟೆ. ‘ಇದನ್ನ ಹಾಕಿದ್ರೆ ನೀವೇ ಪಕ್ಷಪಾತಿ ಆಗ್ತೀರಿ ಮೇಡಂ. ನಿಮ್ಮಕ್ಕ ಅಲ್ಲಿದ್ದರು ಅಂತ ಎಲ್ಲರಿಗೂ ಗೊತ್ತು’ ಅಂದರು. ಅಲ್ಲ ಸಂಪಾದಕರೇ, ಅಕ್ಕನ ಕೈ ನೋಡಿದರೆ ಪಕ್ಷಪಾತ, ನನ್ನ ಕೈಯನ್ನೇ ಒಂಬತ್ತು ವರ್ಷ ನೋಡಿದ್ದು ಮಾತ್ರ ನ್ಯಾಯವೇ? ಮೇಜಿನ ಮುಂದೆ ಕೂತು ಪೆನ್ನು ಹಿಡಿಯುವ ಈ ಮೆತ್ತನೆಯ ಕೈಗೆ ಯಾವ ಪಕ್ಷವೂ ಇಲ್ಲವೇ? ನಿಮಗೆ ನಾಚಿಕೆಯಾಗದಿದ್ದರೆ ಬೇಡ, ನನಗೆ ಆಗುತ್ತಿದೆ.

ಪರೀಕ್ಷಕಿಯ ಸಹಿಯಿಲ್ಲದೆ ಪಟ್ಟಿ ಹೊರಬರುವ ಹಾಗಿಲ್ಲ. ನಾನು ಸಹಿ ಹಾಕುವುದಿಲ್ಲ. ಹೀಗೆ ಕಣ್ಸನ್ನೆ ಮಾಡಬೇಡಿ, ಹಾಕುವುದಿಲ್ಲ ಅಂದರೆ ಹಾಕುವುದಿಲ್ಲ. ನಾಳೆ ನನ್ನನ್ನು ಮನೆಗೆ ಕಳಿಸಿ, ಹೋಗುತ್ತೇನೆ.

ಖರೀದಿ ಅಧಿಕಾರಿಗಳೇ, ಫೋನು ಯಾವುದಾದರೂ ಕೊಳ್ಳಿ, ಕೊಳ್ಳುವ ಮೊದಲು ಆ ಮುನ್ನೂರು ಜನರ ಕೈಗೆ ಕೊಟ್ಟು ನೋಡಿ. ಇನ್ನೊಂದು ಮಾತು, ಇದು ನನ್ನ ಸ್ವಂತದ್ದು. ಅಕ್ಕನಿಗೆ ಕೆಲಸ ವಾಪಸ್ ಕೊಡಿ ಎಂದು ಕೇಳೋಣವೆಂದರೆ, ಅವಳು ‘ಯಾರ ಕಾಲೂ ಹಿಡಿಯಬೇಡ’ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಅವಳ ಹೆಸರಿನ ಮುಂದೆ ನಿಮ್ಮಲ್ಲಿ ಹನ್ನೊಂದು ಸಲ ‘ಬಂದಿಲ್ಲ’ ಎಂದಿದೆ. ಅದನ್ನಾದರೂ ತಿದ್ದಿ. ಅವಳು ಬಂದಿದ್ದಳು ಸ್ವಾಮಿ. ಹನ್ನೊಂದು ದಿನವೂ ಬಂದಿದ್ದಳು.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ನಮಸ್ಕಾರ.